ಮನಿ ಇಲ್ಲೇನ್ರಿ ನಿಮಗ?

ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಡಿಸೆಂಬರ್‌ನಾಗ ಎರಡು ದಿನ ರಜಾ ಐತಿ. ಕ್ಯಾಂಪಿಂಗ್ ಹೋಗೋಣೇನು?" ಫೋನ್ ಸ್ಪೀಕರ್‌ನಲ್ಲಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: "ಯಾವ ಕ್ಯಾಂಪಿಗಂತ?"

ಗಂಗಾವತಿಯಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ಕ್ಯಾಂಪ್ ಅಂದರೆ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದು, ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದ ಕಡೆಯ ರೈತರು ಬಂದು ಇಲ್ಲಿ ಹೊಲ ಕೊಂಡರು. ಹೊಲದಲ್ಲೇ ಗುಡಿಸಲು ಹಾಕಿಕೊಂಡರು. ಅವೇ ಕ್ಯಾಂಪ್ ಆದವು. ಈಗ ಗುಡಿಸಲು ಹೋಗಿ ಎರಡಂತಸ್ತಿನ ಮನೆ ಬಂದಿದೆ, ಗುಡಿ ಬಂದಿದೆ, ರೈಸ್ ಮಿಲ್ ಬಂದಿದೆ. ಹೆಸರು ಮಾತ್ರ ಇನ್ನೂ ಕ್ಯಾಂಪೇ. ಸಿಂಧನೂರಿನ ಹತ್ತಿರ ಹೋದರೆ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಜಾಗ ಕೊಟ್ಟ ಊರುಗಳು ಅವು. ಮೊಮ್ಮಕ್ಕಳ ಕಾಲ ಬಂದರೂ ಅವರ ವಿಳಾಸದಿಂದ ಕ್ಯಾಂಪ್ ಹೋಗಿಲ್ಲ.

ಇದಲ್ಲದೆ ಕಚೇರಿಯ ಕ್ಯಾಂಪ್ ಬೇರೆ ಇದೆ. "ಸಾಹೇಬ್ರು ಕ್ಯಾಂಪ್ ಹೋಗ್ಯಾರ, ನಾಳೆ ಬರ್ರಿ." ಆ ಕ್ಯಾಂಪ್ ಎಲ್ಲಿದೆ ಅಂತ ಈವರೆಗೆ ಯಾರೂ ಕಂಡುಹಿಡಿದಿಲ್ಲ. ಕಣ್ಣಿನ ಕ್ಯಾಂಪ್ ಇದೆ, ಅಲ್ಲಿಗೆ ಹೋದವರು ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾರೆ. ಹೀಗೆ ಎಲ್ಲ ಕ್ಯಾಂಪಿಗೂ ಒಂದು ಕಾರಣ ಇರುವ ಊರಲ್ಲಿ, ಸುಮ್ನೆ ಖುಷಿಗೆ ಬಯಲಲ್ಲಿ ಮಲಗಿ ಬರ್ತೀವಿ ಅಂತ ಹೆಂಡತಿಗೆ ಹೇಳುವುದು ಕಷ್ಟದ ಕೆಲಸವಾಗಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, "ರೊಟ್ಟಿ ಎಷ್ಟು ಕಟ್ಲಿ?" ಅಂದಳು. ತಾನು ಬರುವುದಿಲ್ಲ ಅನ್ನುವುದೂ ಅದರಲ್ಲೇ ಇತ್ತು.

ಅಳಿಯ ತನ್ನ ಇಬ್ಬರು ಗೆಳೆಯರ ಜೊತೆ ಬಂದಿಳಿದ. ಅವನ ಫೋನಿನಲ್ಲಿ ಪಟ್ಟಿ ಸಿದ್ಧವಿತ್ತು. ಟೆಂಟ್ ಎರಡು, ಸ್ಲೀಪಿಂಗ್ ಬ್ಯಾಗ್, ಹಣೆಗೆ ಕಟ್ಟುವ ಟಾರ್ಚ್, ಗಾಳಿ ತುಂಬುವ ದಿಂಬು, ಮಡಚುವ ಕುರ್ಚಿ, ಬ್ಲೂಟೂತ್ ಸ್ಪೀಕರ್. ನನ್ನ ಹೆಂಡತಿಯ ಪಟ್ಟಿ ಬಾಯಲ್ಲೇ ಇತ್ತು. ಕಟಕ ರೊಟ್ಟಿ ನಲವತ್ತು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಅಕ್ಕಿ, ಬದನೆಕಾಯಿ, ಎರಡು ಕೌದಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನ್. ನಾನೂ ಬರ್ತೀನಿ ಅಂತ ಹಟ ಹಿಡಿದ ಹತ್ತು ವರ್ಷದ ಮಗಳೂ ಕೊನೆಗೆ ಅದೇ ಪಟ್ಟಿಗೆ ಸೇರಿದಳು.

ಆನೆಗೊಂದಿ ದಾಟಿ ಸಾಣಾಪುರದ ಕಡೆ ನಮ್ಮ ಪರಿಚಯದವರ ಗದ್ದೆ ಇದೆ. ಅವರನ್ನು ಕೇಳಿಯೇ ಹೋದೆವು. ಗುಡ್ಡದ ಒಳಗೆ ಎಲ್ಲಿ ಬೇಕೆಂದರಲ್ಲಿ ಡೇರೆ ಹೊಡೆಯುವ ಸೀಮೆ ಇದಲ್ಲ. ಈ ಬಂಡೆಗಳ ಸಂದಿಯಲ್ಲಿ ಕರಡಿ ಇವೆ, ಚಿರತೆ ಇವೆ. ಹೊಳೆಯ ಆಚೆ ದರೋಜಿಯಲ್ಲಿ 1994ರಿಂದ ಕರಡಿಗಳಿಗೇ ಒಂದು ಧಾಮ ಇದೆಯಾದರೂ, ಅದರ ಗಡಿ ಎಲ್ಲಿಗೆ ಮುಗಿಯುತ್ತೆ ಅಂತ ಕರಡಿಗೆ ಯಾರೂ ಓದಿ ಹೇಳಿಲ್ಲ. ಹೊಳೆಯಲ್ಲಿ ಮೊಸಳೆ. ಹಾಗಾಗಿ ಜನ ಓಡಾಡುವ, ನಾಯಿ ಬೊಗಳುವ, ಹೊಲದವರಿಗೆ ಗೊತ್ತಿರುವ ಜಾಗವೇ ವಾಸಿ. ಅಳಿಯನಿಗೆ ನಾಯಿ ಬೊಗಳುವುದು ಕೇಳಿ ಸ್ವಲ್ಪ ನಿರಾಸೆಯಾಯಿತು. ನನಗೆ ಧೈರ್ಯ ಬಂತು.

ಭತ್ತದ ಕಟಾವು ಮುಗಿದಿತ್ತು. ಗದ್ದೆಯ ಅಂಚಿಗೆ ಒಂದು ದೊಡ್ಡ ಬಂಡೆ, ಅದರ ಪಕ್ಕ ನಾಲ್ಕು ಮಂಚ ಹಿಡಿಯುವಷ್ಟು ಸಪಾಟು ಜಾಗ. ಟೆಂಟ್ ಹಾಕಲು ಶುರುಮಾಡಿದರು. ಬಟ್ಟೆ ಬಿಚ್ಚಿದರು, ಕಡ್ಡಿ ಜೋಡಿಸಿದರು, ಎಲ್ಲ ಐದು ನಿಮಿಷ. ಗೂಟದ ಹತ್ತಿರ ಬಂದು ನಿಂತಿತು. ಅಳಿಯ ಕಲ್ಲು ತಗೊಂಡು ಬಡಿದ. ಗೂಟ ಎರಡು ಬೆರಳಿನಷ್ಟು ಇಳಿದು, ಟಣ್ ಅಂತ ಸದ್ದು ಮಾಡಿ, ವಿನಯವಾಗಿ ತಲೆಬಾಗಿತು. ಇನ್ನೊಂದು ಕಡೆ ಬಡಿದ, ಅಲ್ಲೂ ಟಣ್. ಮೇಲೆ ಇಷ್ಟು ಮಣ್ಣು, ಕೆಳಗೆ ಪೂರಾ ಬಂಡೆ. ಈ ಭಾಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಅಲ್ಯೂಮಿನಿಯಂ ಗೂಟಕ್ಕೆ ಸರಿದು ಜಾಗ ಕೊಡೋಕೆ ಅದಕ್ಕೇನು ಅವಸರ? ಕೊನೆಗೆ ಹಗ್ಗದ ತುದಿಗೆ ತಲೆಗಾತ್ರದ ಕಲ್ಲು ಕಟ್ಟಿದೆವು. ಕಲ್ಲಿಗೆ ಇಲ್ಲಿ ಬರವಿಲ್ಲ. ಸುತ್ತಮುತ್ತಲಿನ ಗುಡ್ಡಗಳೆಲ್ಲ ಯಾರೋ ಲಾರಿಗಟ್ಟಲೆ ತಂದು ಸುರಿದು, ಬಿಲ್ಲು ಬಂದಿಲ್ಲ ಅಂತ ಕೆಲಸ ನಿಲ್ಲಿಸಿ ಹೋದ ಹಾಗಿವೆ.

ಬಂಡೆಯ ವಿಷಯದಲ್ಲಿ ಒಂದು ಮಾತು. ಹಗಲೆಲ್ಲ ಕಾದ ಬಂಡೆ ರಾತ್ರಿ ನಿಧಾನಕ್ಕೆ ಕಾವು ಬಿಡುತ್ತದೆ. ಡಿಸೆಂಬರಿನಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತರೆ ಅಜ್ಜಿಯ ಮಗ್ಗುಲು. ಅದೇ ಏಪ್ರಿಲಿನಲ್ಲಿ ಅದರ ಪಕ್ಕ ಮಲಗಿದರೆ ಹಂಚಿನ ಮೇಲಿನ ರೊಟ್ಟಿ. ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಈ ಶೋಕಿಗೆ ನವೆಂಬರಿನಿಂದ ಜನವರಿವರೆಗೆ ಮಾತ್ರ ಕಾಲ. ಇದನ್ನು ಕೃಷ್ಣದೇವರಾಯನಿಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ. 1520ರ ಬೇಸಿಗೆಯಲ್ಲಿ ಅವನು ರಾಯಚೂರಿಗೆ ದಂಡು ತಗೊಂಡು ಹೋದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಆ ಬೀಡಿನ ವೈಭವ ಬರೆದಿದ್ದಾನೆ. ರಾಜನ ಡೇರೆಯ ಸುತ್ತ ಮುಳ್ಳಿನ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು. ಬೀಡಿನೊಳಗೇ ಬಜಾರು. ದಾರಿಯಲ್ಲಿ ಯಾರೂ ನೀರಿಲ್ಲದೆ ಸಾಯಬಾರದು ಅಂತ ನೀರು ಹೊರುವವರೇ 12,000 ಮಂದಿ. ನಮ್ಮದು ಇಪ್ಪತ್ತು ಲೀಟರಿನ ಒಂದು ಕ್ಯಾನ್, ಹೊರುವವನು ನಾನೊಬ್ಬ.

ಸಂಜೆ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಭತ್ತದ ಹುಲ್ಲಿನ ಬಣವೆ ಹತ್ತಿರದಲ್ಲೇ ಇತ್ತು. ಅದಕ್ಕೆ ಗಾಳಿಯ ದಿಕ್ಕು ನೋಡಿ, ಬಂಡೆಯ ಮರೆಯಲ್ಲಿ, ಪಕ್ಕದಲ್ಲೊಂದು ಬಕೆಟ್ ಕಾಲುವೆ ನೀರು ಇಟ್ಟುಕೊಂಡು ಬೆಂಕಿ ಹಚ್ಚಿದೆ. ಅನ್ನಕ್ಕಿಟ್ಟೆವು, ಬದನೆಕಾಯಿ ಹೆಚ್ಚಿದೆವು. ಆಗ ಗೊತ್ತಾಯಿತು, ಉಪ್ಪು ತಂದಿಲ್ಲ. ಹಣೆಗೆ ಕಟ್ಟುವ ಟಾರ್ಚ್ ನಾಲ್ಕಿವೆ, ಉಪ್ಪು ಇಲ್ಲ.

ದೂರದಲ್ಲಿ ಒಂದು ದೀಪ ಕಾಣುತ್ತಿತ್ತು. ಒಣಹಾಕಿದ ನೆಲ್ಲಿನ ರಾಶಿ, ಮೇಲೆ ತಾಡಪತ್ರಿ, ಪಕ್ಕದಲ್ಲಿ ಹೊರಸಿನ ಮೇಲೆ ಕಾವಲಿಗೆ ಮಲಗಿದ್ದ ಒಬ್ಬ ಅಜ್ಜ. ಹೋಗಿ ಉಪ್ಪು ಕೇಳಿದೆ. ಅಜ್ಜ ಎದ್ದು ಕೂತು, ನಮ್ಮ ನೀಲಿ ಟೆಂಟುಗಳ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದ:

"ಮನಿ ಇಲ್ಲೇನ್ರಿ ನಿಮಗ?"

"ಐತ್ರಿ ಅಜ್ಜಾರ. ಗಂಗಾವತ್ಯಾಗ."

"ಮತ್ತ?"

ಆ "ಮತ್ತ"ಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೆಂಟು ಕಿಲೋಮೀಟರ್ ಆಚೆ ಮನೆ, ಮಂಚ, ಫ್ಯಾನು, ಉಪ್ಪು ಎಲ್ಲ ಇಟ್ಟುಕೊಂಡು ಇಲ್ಲಿಗೆ ಯಾಕೆ ಬಂದೆ? ಅಜ್ಜ ಕಾಗದದಲ್ಲಿ ಒಂದು ಹಿಡಿ ಹರಳುಪ್ಪು ಕಟ್ಟಿಕೊಟ್ಟ. ನಾನು ಬಂದ ಹತ್ತು ನಿಮಿಷಕ್ಕೆ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಿಡಿದುಕೊಂಡು ತಾನೇ ಬಂದ. "ಹುಡುಗ್ರು ಬರೇ ಬದನಿಕಾಯಾಗ ಏನು ಉಣ್ತಾವ" ಅಂತ. ರಾಶಿ ಕಣ್ಣಿಗೆ ಕಾಣುವ ಹಾಗೆ ಆ ಕಡೆ ಮುಖ ಮಾಡಿ, ಬೆಂಕಿಗೆ ಕೈಯೊಡ್ಡಿ ಕೂತವನು ಎರಡು ತಾಸು ಏಳಲಿಲ್ಲ.

ಅನ್ನ ಸ್ವಲ್ಪ ಸೀದಿತ್ತು. ಬದನೆಕಾಯಿಗೆ ಹೊಗೆ ವಾಸನೆ. ಮನೆಯಲ್ಲಿ ಇದನ್ನೇ ಬಡಿಸಿದ್ದರೆ ಮಗಳು ತಟ್ಟೆ ಸರಿಸಿ ಎದ್ದುಹೋಗುತ್ತಿದ್ದಳು. ಇಲ್ಲಿ ಮೂರನೇ ಸಲ ಹಾಕಿಸಿಕೊಂಡಳು. ಬಯಲಲ್ಲಿ ಹಸಿವು ಜಾಸ್ತಿ ಅನ್ನುತ್ತಾರೆ. ಅದಿರಬಹುದು. ಒಂದು ಹರಳು ಉಪ್ಪಿಗಾಗಿ ಕತ್ತಲಲ್ಲಿ ಗದ್ದೆ ದಾಟಿ ಹೋಗಿ ಬಂದ ಮೇಲೆ ಅನ್ನದಲ್ಲಿ ಉಪ್ಪಿದೆ ಅನ್ನುವುದೇ ಒಂದು ಸುದ್ದಿಯಾಗುತ್ತದೆ, ಅದೂ ಇರಬಹುದು.

ಸ್ಪೀಕರಿನ ಚಾರ್ಜು ಒಂಬತ್ತಕ್ಕೇ ಮುಗಿಯಿತು. ದೇವರು ದೊಡ್ಡವನು. ಅಜ್ಜ ಇದ್ದಿಲು ತಗೊಂಡು ಬಂಡೆಯ ಮೇಲೆ ಹುಲಿಮನೆ ಬರೆದ. ಹುಲಿಗೆ ದಪ್ಪ ಕಲ್ಲು, ಕುರಿಗೆ ಸಣ್ಣ ಕಲ್ಲು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ಮೂವರು ಒಬ್ಬರಾದ ಮೇಲೊಬ್ಬರು ಕೂತು ಸೋತರು. ಅಜ್ಜ ಬಾಯಿ ಬಿಡದೆ ಕುರಿಗಳನ್ನು ದೂಡುತ್ತಾ ಹುಲಿಯನ್ನು ಮೂಲೆಗೆ ಕೂರಿಸುತ್ತಿದ್ದ. ನನ್ನ ಮಗಳು ಅವನ ಪಕ್ಕ ಕೂತು ನೋಡಿ ನೋಡಿ ಕಲಿತು, ಹತ್ತು ಗಂಟೆಗೆ ಅಳಿಯನನ್ನು ಸೋಲಿಸಿದಳು. ಹಂಪಿ, ಆನೆಗೊಂದಿಯ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದು ಕಾಣಸಿಗುತ್ತದೆ. ಆಗಿನವರ ಸ್ಪೀಕರಿಗೂ ಚಾರ್ಜ್ ಇರಲಿಲ್ಲ.

ಆಮೇಲೆ ಎಲ್ಲರೂ ಬೆನ್ನ ಮೇಲೆ ಮಲಗಿದೆವು. ಮೂಡಣದಲ್ಲಿ ಒಂದರ ಕೆಳಗೊಂದು ಮೂರು ಚಿಕ್ಕಿ ಎದ್ದು ಬಂದಿದ್ದವು. ಅಳಿಯ ಓರಿಯನ್ ಅಂದ. ನಮ್ಮಪ್ಪ ಅದನ್ನು ಕೂರಿಗೆ ಅನ್ನುತ್ತಿದ್ದ, ಬಿತ್ತುವ ಕೂರಿಗೆಯ ಮೂರು ತಾಳು. ಇಪ್ಪತ್ತು ವರ್ಷವಾಯಿತೇನೋ ನಾನು ಅದನ್ನು ನೋಡಿ. ಅದು ಅಲ್ಲೇ ಇತ್ತು, ನಾನೇ ಕೊಡೆ ಹಿಡಿದ ಹಾಗೆ ಸೂರಿನ ಕೆಳಗಿದ್ದೆ.

ಮೊದಲು ನಾವು ಬೇಸಿಗೆ ಪೂರಾ ಹೊರಗೇ ಮಲಗುತ್ತಿದ್ದೆವು, ಅಲ್ವಾ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮೇ ತಿಂಗಳು ಮನೆಯೊಳಗೆ ಮಲಗುವವರು ಇಬ್ಬರೇ, ಬಾಣಂತಿ ಮತ್ತು ಜ್ವರ ಬಂದವರು. ಸೂರ್ಯ ಮುಳುಗಿದ ಮೇಲೆ ಮಾಳಿಗೆಗೆ ಕೊಡಗಟ್ಟಲೆ ನೀರು ಚೆಲ್ಲಬೇಕು. ಅದು ಚುಂಯ್ ಅನ್ನುತ್ತಾ ಕುಡಿಯುತ್ತಿತ್ತು. ಕಾವಿಳಿದ ಮೇಲೆ ಚಾಪೆ, ಕೌದಿ, ನೀರಿನ ತಂಬಿಗೆ. ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಈ ಮನೆಯ ಅತ್ತಿ ಮಲಗಿಕೊಂಡೇ ಕೇಳಿದ ಪ್ರಶ್ನೆಗೆ ಮೂರನೇ ಮನೆಯ ಕಾಕಾ ಮಲಗಿಕೊಂಡೇ ಉತ್ತರ ಹೇಳುತ್ತಿದ್ದ. ಕತ್ತಲಲ್ಲಿ ಮುಖ ಕಾಣದೆ ಬರೀ ದನಿ. ಹಗಲು ಮಾತು ಬಿಟ್ಟವರೂ ರಾತ್ರಿ ಮಾಳಿಗೆಯಲ್ಲಿ ಸಾರ್ವಜನಿಕವಾಗಿ ಒಂದು ಹೂಂ ಅನ್ನುತ್ತಿದ್ದರು. ಎರಡು ಗಂಟೆಗೆ ದಪ್ಪ ಹನಿ ಬಿತ್ತೋ, ಇಡೀ ಓಣಿ ಹಾಸಿಗೆ ಸುತ್ತಿಕೊಂಡು ಏಣಿಗೆ ಓಡಬೇಕು. ನಿದ್ದೆಗಣ್ಣಲ್ಲಿ ಯಾರದೋ ದಿಂಬು, ಯಾರದೋ ಕೂಸು. ಬೆಳಿಗ್ಗೆ ಹಂಚಿಕೊಳ್ಳುವುದು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದಿತ್ತು. ಆ ದಿನಗಳಲ್ಲೇ ಯಲಬುರ್ಗಾ, ಕುಷ್ಟಗಿ ಕಡೆಯ ಎರೆಹೊಲದಲ್ಲಿ ಸೀತನಿ. ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಬಿಸಿ ತಾಳಲಾರದೆ ಅಂಗೈಯಿಂದ ಅಂಗೈಗೆ ಎಸೆಯುತ್ತಾ ಉಜ್ಜಿ, ಹೊಟ್ಟು ಊದಿ, ಹಸಿರು ಕಾಳು ಒಂದು ಮುಕ್ಕು, ಬೆಲ್ಲ ಒಂದು ಚೂರು. ಎದ್ದಾಗ ಮೀಸೆ ಇಲ್ಲದವರಿಗೂ ಕಪ್ಪು ಮೀಸೆ. ಅದಕ್ಕೆ ನಾವು ಯಾವ ಹೆಸರೂ ಇಟ್ಟಿರಲಿಲ್ಲ. ಹೆಸರಿಟ್ಟಿದ್ದರೆ ಯಾರೋ ತಲೆಗಿಷ್ಟು ಅಂತ ರೇಟ್ ಹಾಕುತ್ತಿದ್ದರು.

ರಾತ್ರಿ ಹುಡುಗರು ಸೊಳ್ಳೆ ಬರುತ್ತೆ, ಚಳಿ ಆಗುತ್ತೆ ಅಂತ ಟೆಂಟಿನ ಜಿಪ್ ಪೂರ್ತಿ ಎಳೆದು ಮಲಗಿದರು. ಬೆಳಗಿನ ಜಾವ ಮೂವರ ಉಸಿರೂ ಬಟ್ಟೆಗೆ ತಾಗಿ ನೀರಾಗಿ, ಅವರ ಮುಖದ ಮೇಲೆ ತೊಟ್ಟಿಕ್ಕಿತು. ಮಳೆ ಅಂತ ಹೊರಗೆ ಓಡಿ ಬಂದರೆ ಆಕಾಶ ತಿಳಿಯಾಗಿತ್ತು. ಮೇಲಿನ ಕಿಟಕಿ ಒಂದಿಷ್ಟು ತೆರೆದಿಡಬೇಕು, ಚಳಿ ಇದ್ದರೂ. ನಾನೂ ಮಗಳೂ ಟೆಂಟಿನ ಒಳಗೆ ಹೋಗಲೇ ಇಲ್ಲ. ಬಂಡೆಯ ಮಗ್ಗುಲಲ್ಲಿ ಕೌದಿ ಹೊದ್ದು ಮಲಗಿದ್ದೆವು. ಕೌದಿಯ ಮೇಲೆಲ್ಲ ಇಬ್ಬನಿ, ಒಳಗೆ ಬೆಚ್ಚಗೆ. ನನ್ನ ಸೊಂಟ ಹಿಡಿದುಕೊಂಡಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಇಲ್ಲೂ ಹೇಳಬಾರದಿತ್ತು.

ಬೆಳಿಗ್ಗೆ ಡಬ್ಬಿ ವಾಪಸ್ ಕೊಡಲು ಹೋದೆ. ಹತ್ತು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಹಾಕಿದ್ದೆ. ಅಜ್ಜ ನೆಲ್ಲು ಹರವುತ್ತಿದ್ದ. "ನಿದ್ದಿ ಬಂತೇನ್ರಿ?" ಅಂದ. ಬಂತು ಅಂದೆ. "ನನಗ ಮನ್ಯಾಗ ಬರೂದಿಲ್ರಿ," ಅಂದ ಅಜ್ಜ, "ಮಗ ಬ್ಯಾಡಂತಾನ. ಕಾವಲಾ ನೆಪ ಮಾಡ್ಕೊಂಡು ಬರ್ತೀನಿ." ಹಿಂದಿನ ರಾತ್ರಿಯ ತನ್ನ "ಮತ್ತ"ವನ್ನು ಅವನು ಮರೆತಿದ್ದನೋ ಏನೋ. ನಾನು ನೆನಪಿಸಲಿಲ್ಲ.

ಹೋಗುವಾಗ ಅಳಿಯ ಒಂದು ಟೆಂಟನ್ನು ನಮ್ಮಲ್ಲೇ ಬಿಟ್ಟು ಹೋದ, ಮುಂದಿನ ಡಿಸೆಂಬರಿಗೆ ಬೇಕು ಅಂತ. ಮಾರ್ಚಿನಲ್ಲಿ ನನ್ನ ಹೆಂಡತಿ ಅದನ್ನು ಬಿಚ್ಚಿ, ಜಾಲರಿ ಇರುವ ಒಳಗಿನ ಭಾಗ ಮಾತ್ರ ತಗೊಂಡು ಮಾಳಿಗೆಯ ಮೇಲೆ ಹಾಕಿದ್ದಾಳೆ. ಈಗಿನದು ಸಿಮೆಂಟಿನ ಮಾಳಿಗೆ, ಗೂಟ ಅಲ್ಲೂ ಇಳಿಯಲಿಲ್ಲ. ನೀರಿನ ಟ್ಯಾಂಕಿಗೆ ಒಂದು ಹಗ್ಗ, ಡಿಶ್ ಆಂಟೆನಾಕ್ಕೆ ಒಂದು ಹಗ್ಗ.

ನಿನ್ನೆ ಪಕ್ಕದ ಮನೆಯವರು ಕಟ್ಟೆಯ ಮೇಲಿನಿಂದ ಬಗ್ಗಿ ನೋಡಿ ಕೇಳಿದರು. "ಯಾರರ ಬಂದಾರೇನ್ರಿ ಅಕ್ಕಾರ? ಟೆಂಟ್ ಹಾಕೀರಿ?"

"ಇಲ್ರಿ," ಅಂದಳು ಇವಳು. "ಒಳಗ ಸಂಡಿಗಿ ಅದಾವ. ಕಾಗಿ ಬರೂದಿಲ್ಲ ನೋಡ್ರಿ."