ಮಕ್ಕಳ ಕಳ್ಳ ಪರಿಚಯದವನೇ ಆಗಿರುತ್ತಾನೆ

ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಮತ್ತೆ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಆಡಿಯೊ ಬಂದಿದೆ. ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ 2018ನ್ನು ನೆನಪಿಸಿಕೊಳ್ಳಿ. ಆ ವರ್ಷ ಇಂಥದ್ದೇ ಸಂದೇಶಗಳನ್ನು ನಂಬಿದ ಜನ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದಾಗಿ ಎರಡು ತಿಂಗಳೊಳಗೆ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಜೀವ ಹೋಯಿತು. ದಾರಿಯಲ್ಲಿ ಕಂಡ ಮಕ್ಕಳಿಗೆ ಅವರ ಗುಂಪು ಚಾಕೊಲೇಟ್ ಕೊಟ್ಟಿತ್ತು, ಅಷ್ಟೆ. ಆಗ ಮೊಬೈಲ್‌ನಿಂದ ಮೊಬೈಲ್‌ಗೆ ಓಡುತ್ತಿದ್ದ ಬೈಕಿನಲ್ಲಿ ಬಂದವರು ಮಗುವನ್ನು ಅಪಹರಿಸುವ ವಿಡಿಯೊ, ಕರಾಚಿಯಲ್ಲಿ ಜಾಗೃತಿಗಾಗಿ ಮಾಡಿದ ಕಿರುಚಿತ್ರದ ತುಂಡು. ಮಗುವನ್ನು ವಾಪಸ್ ಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು.

ಅಪರಿಚಿತರನ್ನು ಅಟ್ಟಾಡಿಸಿದ ಆ ತಿಂಗಳುಗಳಲ್ಲಿಯೂ ನಮ್ಮ ಹೆಣ್ಣುಮಕ್ಕಳನ್ನು ಮಾರುವವರು ನೆಮ್ಮದಿಯಾಗಿಯೇ ಇದ್ದರು. ಅವರು ಹಗಲು ಹೊತ್ತಿನಲ್ಲಿ ಬರುತ್ತಾರೆ, ಜಗಲಿಯ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಹೆಚ್ಚಿನ ಸಲ ದೂರದ ಸಂಬಂಧಿ, ಪಕ್ಕದ ಓಣಿಯ ಹೆಂಗಸು, ಇಲ್ಲವೇ ಅದೇ ಊರಿನಿಂದ ಹೋಗಿ ನಗರದಲ್ಲಿ ‘ಚೆನ್ನಾಗಿರುವ’ ಯಾರೋ. ಮನೆಗೆಲಸ, ಬ್ಯೂಟಿ ಪಾರ್ಲರ್, ಗಾರ್ಮೆಂಟ್ಸ್ ಎನ್ನುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಪ್ರೀತಿಯ ಮಾತಾಡಿ ಕರೆಸಿಕೊಳ್ಳುವವರು ಈಗ ಸೇರಿಕೊಂಡಿದ್ದಾರೆ. ಧಾರವಾಡ, ಗದಗ, ಹಾವೇರಿ ಕಡೆ ‘ಗುಜ್ಜರ್ ಮದುವೆ’ ಎಂದು ಹೆಸರಾದದ್ದು ಇನ್ನೊಂದು ದಾರಿ. ಗುಜರಾತ್, ರಾಜಸ್ಥಾನದ ಕಡೆಯ ವರ, ವರದಕ್ಷಿಣೆ ಬೇಡ, ಮದುವೆಯ ಖರ್ಚೂ ಅವರದೇ, ನಡುವೆ ದಲ್ಲಾಳಿಯ ಕಮಿಷನ್. ಹಾಗೆ ಹೋದ ಎಲ್ಲರನ್ನೂ ಮಾರಿಬಿಟ್ಟರು ಎಂದು ನಾನು ಹೇಳುವುದಿಲ್ಲ. ಆದರೆ ಮೂರು ಹೆಣ್ಣುಮಕ್ಕಳಿರುವ ಬಡವನ ಮನೆಗೆ ಖರ್ಚಿಲ್ಲದ ಮದುವೆ ಹುಡುಕಿಕೊಂಡು ಬಂದಾಗ, ವರನ ಊರು ಯಾವುದು, ಹುಡುಗಿಯ ವಯಸ್ಸೆಷ್ಟು ಎಂದು ಕೇಳುವ ಧೈರ್ಯ ನೆರೆಯವರಿಗಾದರೂ ಇರಬೇಕು.

ದೇವರ ಹೆಸರಿನ ದಾರಿಯಂತೂ ನಮಗೆ ಹಳೆಯದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ಬಂತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ಗುರುತಿಸಿದ ದೇವದಾಸಿಯರು 46,660, ಬಹುತೇಕರು ದಲಿತ ಮನೆಗಳವರು. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಎಷ್ಟೋ ಬಾಲೆಯರ ಪಾಲಿಗೆ ಮುಂದಿನ ನೆಲೆ ಸಾಂಗ್ಲಿ, ಮೀರಜ್, ಪುಣೆ, ಮುಂಬೈನ ವೇಶ್ಯಾಗೃಹಗಳು. ಗುಡಿಯ ಮುಂದೆ ನಡೆಯುತ್ತಿದ್ದ ಸಮರ್ಪಣೆ ಈಗ ಮನೆಯೊಳಗೆ ಗುಟ್ಟಾಗಿ ನಡೆದರೂ, ಓಣಿಗೆ ಗೊತ್ತಿಲ್ಲದೆ ನಡೆಯುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುವವಳು. ನನ್ನ ಮಟ್ಟಿಗೆ ಊರಿನ ಅತ್ಯಂತ ಬಲವಾದ ಕಾವಲು ಹಾಜರಿ ಪುಸ್ತಕ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೋಗುತ್ತವೆ, ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಆಗ ಯಾವ ಹುಡುಗಿ ಬರದಿದ್ದರೂ ‘ಗುಳೆ ಹೋಗಿದ್ದಾರೆ ಟೀಚರ್’ ಎಂಬ ಒಂದೇ ಉತ್ತರ ಸಿಗುತ್ತದೆ. ಅಪ್ಪ, ಅಮ್ಮ, ತಮ್ಮ ಊರಿನಲ್ಲಿಯೇ ಇದ್ದು ಹದಿಮೂರರ ಹುಡುಗಿ ಮಾತ್ರ ಗುಳೆ ಹೋಗಿದ್ದಾಳೆ ಎಂದರೆ ಅದು ಗುಳೆಯಲ್ಲ! ಏಳು ದಿನ ಸತತವಾಗಿ ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸಬೇಕು. ರಿಜಿಸ್ಟರಿನಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆದು ಪುಟ ತಿರುಗಿಸಿದರೆ, ಕರೆದೊಯ್ದವನಿಗೆ ನಾವೇ ಸಮಯ ಕೊಟ್ಟಂತೆ.

ಮನೆಯವರು ದೂರು ಕೊಡುವುದಿಲ್ಲ, ಮರ್ಯಾದೆ ಹೋಗುತ್ತದೆ ಎಂಬ ಭಯ. ಕೊಡಲು ಹೋದವರಿಗೂ ಕೆಲವೊಮ್ಮೆ ‘ಯಾರ ಜೊತೆಗೋ ಓಡಿಹೋಗಿರಬೇಕು, ನಾಲ್ಕು ದಿನ ನೋಡಿ’ ಎಂಬ ಮಾತು ಕೇಳಿಬರುತ್ತದೆ. ಹಾಗೆ ಹೇಳಿ ಕಳುಹಿಸುವಂತಿಲ್ಲ. ಕಾಣೆಯಾದ ಪ್ರತಿಯೊಂದು ಮಗುವಿನ ದೂರನ್ನೂ ಎಫ್‌ಐಆರ್ ಮಾಡಬೇಕು, ಅಪಹರಣ ಅಥವಾ ಸಾಗಾಣಿಕೆ ಎಂದೇ ಭಾವಿಸಿ ತನಿಖೆ ತೊಡಗಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ. ಠಾಣೆಗೆ ಹೋಗುವ ತಾಯಿಯ ಜೊತೆ ಇದನ್ನು ತಿಳಿದ ಒಬ್ಬರು ಹೋದರೂ ಸಾಕು, ಮಾತಿನ ಧಾಟಿ ಬದಲಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ, ಅಂಥ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂಬ ರಕ್ಷಣೆಯೂ ಅದರಲ್ಲಿಯೇ ಇದೆ.

ಕೊಳ್ಳುವವನ ಬಗ್ಗೆ ನಾವು ಮಾತೇ ಆಡುವುದಿಲ್ಲ. ಅವನನ್ನು ಗಿರಾಕಿ ಎಂದು ಕರೆದು ಸುಮ್ಮನಾಗುತ್ತೇವೆ. ಹದಿನೆಂಟು ತುಂಬದ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಹಣ ಕೊಟ್ಟ ಮಾತ್ರಕ್ಕೆ ಅತ್ಯಾಚಾರ ವ್ಯಾಪಾರವಾಗುವುದಿಲ್ಲ. ನಡುವಯಸ್ಸಿನ ಗಂಡಸಿನ ಹಿಂದೆ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ನೋಡಿಯೂ ಕೀಲಿ ಕೊಡುವ ಲಾಡ್ಜಿನ ಮ್ಯಾನೇಜರ್, ಅವರನ್ನು ಅಲ್ಲಿಗೆ ಬಿಟ್ಟು ಬಾಡಿಗೆ ಎಣಿಸಿಕೊಳ್ಳುವ ಚಾಲಕ, ಇವರೂ ನಮ್ಮ ನಡುವಿನವರೇ. ಅವರ ಸಂಘಗಳಿವೆ, ವಾರ್ಷಿಕ ಸಭೆಗಳಿವೆ. ಅಲ್ಲಿ ಈ ಮಾತು ಬರಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು, ಬಿಡಿಸಿಕೊಂಡು ಬಂದ ಹುಡುಗಿಗೆ ನಾವು ಮಾಡುವುದು. ಮೈಸೂರಿನ ಒಡನಾಡಿಯಂಥ ಸಂಸ್ಥೆಗಳು ವರ್ಷಗಟ್ಟಲೆ ಕಷ್ಟಪಟ್ಟು ಇಂಥ ಮಕ್ಕಳನ್ನು ಎತ್ತಿ ನಿಲ್ಲಿಸುತ್ತವೆ. ಊರಿಗೆ ಮರಳಿದ ವಾರದಲ್ಲಿಯೇ ನಲ್ಲಿಯ ಹತ್ತಿರ ಗುಸುಗುಸು ಶುರುವಾಗುತ್ತದೆ. ಅವಳ ಜೊತೆ ಮಾತಾಡಬೇಡ ಎಂದು ಗೆಳತಿಯರ ತಾಯಂದಿರು ತಾಕೀತು ಮಾಡುತ್ತಾರೆ. ಮನೆಯವರು ಸಿಕ್ಕ ಗಂಡಿಗೆ ಗಂಟು ಹಾಕಿ ಹಗುರಾಗಲು ನೋಡುತ್ತಾರೆ. ನಿಲ್ಲಲು ನೆಲೆಯಿಲ್ಲದ ಹುಡುಗಿಯನ್ನು ಅದೇ ದಲ್ಲಾಳಿ ಎರಡನೆಯ ಸಲ ಕರೆದೊಯ್ಯುವುದು ಸುಲಭ. ಅವಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕು. ಪರಿಹಾರದ ಹಣಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡಬೇಕು. ನ್ಯಾಯಾಲಯದ ದಿನ ಅವಳ ಜೊತೆ ಬಸ್ ಹತ್ತಬೇಕು. ಅವಳ ಫೋಟೊವನ್ನು, ಹೆಸರನ್ನು, ಊರನ್ನು ಕನಿಕರದ ಹೆಸರಿನಲ್ಲಿಯೂ ಇಲ್ಲಿ ಹಾಕಬೇಡಿ.

ಮಹಿಳೆಯರು ಮತ್ತು ಮಕ್ಕಳಿಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾವಲು ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದರ ಸದಸ್ಯರು ಯಾರು, ಕಳೆದ ಸಭೆ ಯಾವಾಗ ನಡೆಯಿತು, ನಡಾವಳಿ ಪುಸ್ತಕ ಎಲ್ಲಿದೆ ಎಂದು ಈ ವರ್ಷದ ಮಕ್ಕಳ ಗ್ರಾಮ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ. ಸಿಕ್ಕ ಉತ್ತರವನ್ನು ಕಾಮೆಂಟಿನಲ್ಲಿ ಬರೆಯಿರಿ. ನಮ್ಮ ಪಂಚಾಯಿತಿಯಲ್ಲಿ ನಾನು ಕೇಳುತ್ತೇನೆ.