ನೆರಳಿಗೂ ದಿಕ್ಕುಂಟು

ಮನೆಯ ದಕ್ಷಿಣಕ್ಕೆ ಎಲೆ ಉದುರಿಸುವ ಮರ, ಉತ್ತರಕ್ಕೆ ಚಳಿಗಾಳಿ ತಡೆಯಲು ನಿತ್ಯಹಸಿರು ಮರ. ಅಮೆರಿಕದಲ್ಲಿ ನೆರಳಿನ ಮರದ ಮಾತು ಬಂದರೆ ಮೊದಲು ಹೇಳುವ ಸೂತ್ರ ಇದು. ಇದನ್ನು ಕೇಳಿಕೊಂಡು ಕರ್ನಾಟಕದ ನಿವೇಶನದಲ್ಲೂ ಹಾಗೆಯೇ ಗುಂಡಿ ತೋಡಿಸುವವರಿದ್ದಾರೆ. ಸೂರ್ಯ ಎರಡೂ ಕಡೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ ಎನ್ನುವುದನ್ನು ಮರೆತರೆ ಆಗುವ ಎಡವಟ್ಟು ಅದು.

ಲೆಕ್ಕ ಸರಳ. 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ ನಡುಹಗಲ ಸೂರ್ಯ ಏರುವುದು ಸುಮಾರು 26 ಡಿಗ್ರಿಯಷ್ಟೇ. ಹತ್ತು ಮೀಟರ್ ಮರದ ನೆರಳು ಆಗ 20 ಮೀಟರ್ ಚಾಚುತ್ತದೆ. ಮನೆಗೆ ಬಿಸಿಲು ಬೇಕಾಗಿರುವ ಕಾಲವದು, ಹಾಗಾಗಿ ದಕ್ಷಿಣದ ಮರ ಬೋಳಾಗಿರಬೇಕು. ಕರ್ನಾಟಕ ಇರುವುದು ಹೆಚ್ಚುಕಡಿಮೆ 11.5ರಿಂದ 18.5 ಡಿಗ್ರಿಯ ನಡುವೆ. 13 ಡಿಗ್ರಿಯಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಮೇಲೆ ಆಗಸ್ಟ್ ನಡುವಿನವರೆಗೆ ನಡುಹಗಲಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳ ಧಗೆಯಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲೇ ಬೀಳುವುದಿಲ್ಲ ಎಂದ ಮೇಲೆ ಅಲ್ಲಿ ಮರ ನೆಟ್ಟು ತಡೆಯುವುದು ಏನನ್ನು?

ಹಾಗಾದರೆ ಕಾಟ ಎಲ್ಲಿಂದ? ಪಡುವಣದಿಂದ. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. ಆಗ ಹತ್ತು ಮೀಟರ್ ಮರದ ನೆರಳು ಪೂರ್ವಕ್ಕೆ ಸುಮಾರು 17 ಮೀಟರ್ ಬೀಳುತ್ತದೆ. ಹೊತ್ತು ಇಳಿದಂತೆ ಬಿಸಿಲು ರೆಂಬೆಗಳ ಕೆಳಗಿನಿಂದಲೇ ನುಗ್ಗುವುದರಿಂದ ಈ ದಿಕ್ಕಿನ ಮರಕ್ಕೆ ತಗ್ಗಿನಿಂದಲೇ ಕೊಂಬೆ ಇದ್ದಷ್ಟೂ ಒಳ್ಳೆಯದು. ಬುಡ ಬೋಳಾಗಿ ಕಾಣಲಿ ಎಂದು ಕೆಳಗಿನ ಕೊಂಬೆಗಳನ್ನೆಲ್ಲ ಸವರಿಬಿಟ್ಟರೆ ನೆಟ್ಟ ಉದ್ದೇಶವೇ ಹೋಯಿತು. ಪಡುವಣ ಮೊದಲು, ಮೂಡಣ ಆಮೇಲೆ, ಉಳಿದ ಜಾಗವಿದ್ದರೆ ಮಾತ್ರ ಬೇರೆ ದಿಕ್ಕು. ತಾರಸಿಗೆ ನೆರಳು ಕೊಡುವುದು ಹೆಚ್ಚು ಲಾಭದ ಕೆಲಸ ನಿಜ, ಆದರೆ ಅಲ್ಲಿ ಸೋಲಾರ್ ಹೀಟರ್ ಕೂತಿರುತ್ತದೆ, ತಾರಸಿಯ ಮೇಲೆ ಚಾಚಿದ ಕೊಂಬೆ ಮುರಿದರೆ ಬೀಳುವುದೂ ಅಲ್ಲಿಗೇ.

ಮರದ ಆಯ್ಕೆಯಲ್ಲೂ ಇದೇ ತಿರುವು. ಚಳಿ ದೇಶದ ಮರ ಬೋಳಾಗುವುದು ಚಳಿಗಾಲಕ್ಕೆ. ನಮ್ಮಲ್ಲಿ ಎಲೆ ಉದುರುವುದು ಒಣಗಾಲಕ್ಕೆ, ಅಂದರೆ ನೆರಳು ಅತ್ಯಂತ ಬೇಕಾದ ದಿನಗಳ ಹೊಸ್ತಿಲಲ್ಲಿ. 'ಎಲೆ ಉದುರಿಸುವ ಮರ' ಎಂಬ ಒಂದೇ ಹಣೆಪಟ್ಟಿ ಸಾಲದು, ಯಾವ ತಿಂಗಳು ಬೋಳು, ಯಾವ ತಿಂಗಳು ಚಿಗುರು ಎಂದು ಕೇಳಬೇಕು. ಹೊಂಗೆಯನ್ನು ನಾನು ಮೊದಲ ಸಾಲಿಗೆ ಹಾಕುವುದು ಇದೇ ಕಾರಣಕ್ಕೆ. ಬೇಸಿಗೆಯ ಆರಂಭದಲ್ಲಿ ಕೆಲವೇ ದಿನ ತೆಳುವಾಗಿ, ಸುಡುಬಿಸಿಲು ಏರುವ ಹೊತ್ತಿಗೆ ಮತ್ತೆ ತಳತಳಿಸುತ್ತದೆ. ಬೇವೂ ಹಾಗೆಯೇ. ರೆಂಜೆ ವರ್ಷವಿಡೀ ದಟ್ಟ, ಬೆಳೆಯುವುದು ಮಾತ್ರ ನಿಧಾನ. ಗುಲ್‌ಮೊಹರ್‌ನ ಹೂವಿಗೆ ಮರುಳಾಗುವವರು ನೆನಪಿಡಬೇಕಾದ್ದು ಎರಡು: ಬೇಸಿಗೆಯ ಒಂದಷ್ಟು ವಾರ ಅದರ ನೆರಳು ಜಾಳುಜಾಳು, ಮುಂಗಾರಿನ ಮೊದಲ ಬಿರುಗಾಳಿಗೆ ಕೊಂಬೆ ಸೀಳುವುದು ಸಾಮಾನ್ಯ. ಮಳೆಮರದ ಹರವು 25–30 ಮೀಟರ್ ಮುಟ್ಟಬಲ್ಲದು. ಅದು ಮೈದಾನದ ಮರ, ಮೂವತ್ತು–ನಲವತ್ತು ಅಡಿಯ ನಿವೇಶನದ್ದಲ್ಲ. ಇನ್ನು ಕಂಬದಂತೆ ನೆಟ್ಟಗೆ ಬೆಳೆಯುವ ಅಲಂಕಾರದ ಅಶೋಕವನ್ನು ನೆರಳಿಗೆಂದು ನೆಡುವುದು, ಏನು ಹೇಳೋಣ, ಕೋಲು ನೆಟ್ಟು ಚಪ್ಪರ ಎಂದಂತೆ.

ಬೇಗ ಬೆಳೆಯಬೇಕೆಂಬ ಹಂಬಲಕ್ಕೆ ಅಮೆರಿಕ ತೆತ್ತ ಬೆಲೆಯಿಂದ ಕಲಿಯುವುದಿದೆ. ಬ್ರ್ಯಾಡ್‌ಫರ್ಡ್ ಪೇರ್ ಎಂಬ ಅಲಂಕಾರದ ಮರವನ್ನು 1960ರ ದಶಕದಿಂದ ಮನೆಮನೆಯ ಮುಂದೆ ನೆಟ್ಟರು. ಬೇಗ ಬೆಳೆಯಿತು, ಬೆಳ್ಳಗೆ ಹೂಬಿಟ್ಟಿತು. ಆದರೆ ಕೊಂಬೆಗಳೆಲ್ಲ ಒಂದೇ ಜಾಗದಿಂದ ಇಕ್ಕಟ್ಟು ಕೋನದಲ್ಲಿ ಹೊರಡುವ ಮರವದು, ಹದಿನೈದು–ಇಪ್ಪತ್ತು ವರ್ಷಕ್ಕೆ ನಡುವೆಯೇ ಸೀಳತೊಡಗಿತು. ಬೇರೆ ತಳಿಗಳೊಡನೆ ಬೆರೆತು ಕಾಡಿಗೂ ನುಗ್ಗಿತು. ಒಹಾಯೊ ರಾಜ್ಯ 2023ರ ಜನವರಿಯಿಂದ ಈ ಜಾತಿಯ ಮಾರಾಟ ಮತ್ತು ನೆಡುವಿಕೆಯನ್ನೇ ನಿಷೇಧಿಸಿದೆ. ಆದ್ದರಿಂದ ನರ್ಸರಿಯಲ್ಲಿ ಸಸಿಯ ಎತ್ತರಕ್ಕಿಂತ ಕವಲನ್ನು ನೋಡಿ. ಸಮ ದಪ್ಪದ ಎರಡು ಕಾಂಡಗಳು 'ವಿ' ಆಕಾರದಲ್ಲಿ ಒತ್ತಿಕೊಂಡು, ನಡುವೆ ತೊಗಟೆ ಒಳಮಡಚಿದ್ದರೆ ಆ ಸಸಿ ಬೇಡ. ನೆಟ್ಟುಬಿಟ್ಟಿದ್ದರೆ, ಎಳೆಯದಾಗಿರುವಾಗಲೇ ಎರಡರಲ್ಲೊಂದನ್ನು ಮೊಟಕು ಮಾಡಿ.

ಗುಂಡಿಯ ವಿಷಯದಲ್ಲಿ ನನ್ನ ಒಲವು ಅಮೆರಿಕದವರತ್ತ. ಆಳವಾಗಿ ತೋಡಿ, ಅರ್ಧ ಕೊಟ್ಟಿಗೆ ಗೊಬ್ಬರ ತುಂಬಿ ಸಸಿ ಇಡುವುದು ನಮ್ಮ ರೂಢಿ. ಗೊಬ್ಬರ ಕರಗಿದಂತೆ ಮಣ್ಣು ಕುಸಿಯುತ್ತದೆ, ಸಸಿಯೂ ಜೊತೆಗೆ ಇಳಿಯುತ್ತದೆ, ಕಾಂಡದ ಬುಡ ಮಣ್ಣಿನೊಳಗಾಗಿ ತೊಗಟೆ ಕೊಳೆಯುತ್ತದೆ. ಮರ ಸೊರಗುವುದು ನಾಲ್ಕಾರು ವರ್ಷದ ನಂತರವಾದ್ದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಗುಂಡಿ ಬೇರುಮುದ್ದೆಯ ಎತ್ತರದಷ್ಟೇ ಆಳ, ಅಗಲ ಮಾತ್ರ ಅದರ ಎರಡು ಮೂರು ಪಟ್ಟು ಇರಲಿ. ಕಾಂಡ ಬೇರಿಗೆ ಸೇರುವಲ್ಲಿ ಅಗಲವಾಗುವ ಜಾಗ ನೆಲಮಟ್ಟದಲ್ಲಿ ಅಥವಾ ಎರಡು ಬೆರಳು ಮೇಲೆ ಕಾಣಬೇಕು. ತೋಡಿದ ಮಣ್ಣನ್ನೇ ಮತ್ತೆ ತುಂಬಿ, ಗೊಬ್ಬರವನ್ನು ಮೇಲೆ ಹರಡಿದರೆ ಸಾಕು. ಜಂಬಿಟ್ಟಿಗೆ, ಗರಸು ನೆಲಕ್ಕೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಗಟ್ಟಿ ಪದರ ಒಡೆಯಲೇಬೇಕು. ಒಡೆದ ಮೇಲೆ ಮಣ್ಣು ತುಂಬಿ, ನೀರುಣಿಸಿ, ಒಂದೆರಡು ಮಳೆ ಕಂಡು ಕುಸಿಯುವುದೆಲ್ಲ ಕುಸಿದ ಬಳಿಕ ನೆಡಿ.

ಪಾಲಿಥಿನ್ ಚೀಲದಲ್ಲಿ ಹೆಚ್ಚು ಕಾಲ ಇದ್ದ ಸಸಿಯ ಬೇರು ಸುರುಳಿ ಸುತ್ತಿರುತ್ತದೆ. ಹಾಗೆಯೇ ನೆಟ್ಟರೆ ಆ ಸುರುಳಿಯೇ ದಪ್ಪವಾಗಿ ಮುಂದೆ ಕಾಂಡವನ್ನು ಬಿಗಿಯುತ್ತದೆ. ಮುದ್ದೆಯ ಸುತ್ತ ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಚಾಕುವಿನಲ್ಲಿ ಸೀಳಿ, ತಳದ ಸುರುಳಿಯನ್ನು ಕತ್ತರಿಸಿ ನೆಡಬೇಕು. ಬೇರು ಕಡಿಯಲು ಕೈ ಬರುವುದಿಲ್ಲ ಎನ್ನುವವರು ಚಿಕ್ಕ ಸಸಿಯನ್ನೇ ಕೊಳ್ಳುವುದು ಮೇಲು, ಅದು ದೊಡ್ಡದನ್ನು ಕೆಲವೇ ವರ್ಷಗಳಲ್ಲಿ ಹಿಂದೆ ಹಾಕುವುದುಂಟು.

ತರಗೆಲೆಯ ಹೊದಿಕೆ 5ರಿಂದ 10 ಸೆಂಟಿಮೀಟರ್ ಇರಲಿ, ಕಾಂಡದಿಂದ ಒಂದು ಗೇಣು ಬಿಟ್ಟು. ಅಮೆರಿಕದಲ್ಲಿ ಮರದ ಚಕ್ಕೆಯನ್ನು ಕಾಂಡಕ್ಕೆ ಒತ್ತಿ ಹುತ್ತದಂತೆ ಪೇರಿಸುವುದು ಬೀದಿಬೀದಿಯಲ್ಲಿ ಕಾಣುವ ತಪ್ಪು. ಅದನ್ನಂತೂ ಆಮದು ಮಾಡಿಕೊಳ್ಳಬೇಡಿ, ನಮ್ಮ ಪಾತಿಯೇ ವಾಸಿ.

ಗೋಡೆಯಿಂದ ದೂರ ಎಷ್ಟು? ಚಿಕ್ಕ ಮರಕ್ಕೆ 3 ಮೀಟರ್, ಮಧ್ಯಮಕ್ಕೆ 5, ದೊಡ್ಡದಕ್ಕೆ 6ಕ್ಕಿಂತ ಹೆಚ್ಚು ಎನ್ನುವುದು ಸಾಮಾನ್ಯ ಮಾತು. ಎರೆ ಮಣ್ಣಿನಲ್ಲಿ ಈ ಅಂಕಿಗಳನ್ನು ನಂಬಬೇಡಿ. ಒಣಗಿದಾಗ ಕುಗ್ಗಿ, ನೆಂದಾಗ ಉಬ್ಬುವ ಮಣ್ಣದು. ಮರ ಬೇಸಿಗೆಯಲ್ಲಿ ನೀರು ಹೀರಿದಂತೆ ಪಾಯದ ಒಂದು ಮೂಲೆ ಮಾತ್ರ ಕುಗ್ಗಿ ಗೋಡೆ ಓರೆಯಾಗಿ ಬಿರಿಯುತ್ತದೆ. ಅಲ್ಲಿ ಮರ ಪೂರ್ತಿ ಬೆಳೆದಾಗಿನ ಎತ್ತರದಷ್ಟು ದೂರ ಬಿಡುವುದು ಕ್ಷೇಮ. ಒಳಚರಂಡಿ ಕೊಳವೆಯನ್ನು ಬೇರು ಒಡೆಯುತ್ತದೆ ಎಂಬ ದೂರು ಮಾತ್ರ ಅರ್ಧ ಸತ್ಯ: ಸೋರುವ ಸಂದು ಸಿಕ್ಕರೆ ಒಳಗೆ ನುಗ್ಗುತ್ತದೆ, ಗಟ್ಟಿಯಿರುವ ಕೊಳವೆಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಆಲ, ಅರಳಿಗಳ ಮಾತು ಬೇರೆ. ಅವು ಗೋಡೆಯ ಬಿರುಕಿನಲ್ಲೇ ಹುಟ್ಟುವ ಜಾತಿ.

ತಂತಿಗೆ ತಾಗುತ್ತದೆಂದು ಪ್ರತಿವರ್ಷ ಮರದ ತಲೆ ಕಡಿಯುವವರಿಗೆ ಒಂದು ಮಾತು. ಕಡಿದ ಜಾಗದಲ್ಲಿ ಹುಟ್ಟುವ ಹತ್ತಾರು ಚಿಗುರುಗಳು ತೊಗಟೆಯ ಹತ್ತಿರವಷ್ಟೇ ಕಚ್ಚಿಕೊಂಡಿರುತ್ತವೆ, ದಪ್ಪವಾದ ಮೇಲೆ ಮೊದಲು ಮುರಿಯುವುದೂ ಅವೇ. ತಂತಿಯ ಕೆಳಗೆ ಏಳೆಂಟು ಮೀಟರ್‌ಗಿಂತ ಎತ್ತರ ಬೆಳೆಯದ ಮರವನ್ನೇ ನೆಟ್ಟರೆ ಕೊಡಲಿಯ ಕೆಲಸವೇ ಇರುವುದಿಲ್ಲ.