ಗೆದ್ದದ್ದು ಯಾವ ಶಾಲೆ ಸ್ವಾಮಿ?

ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟದಲ್ಲಿ ಬಾಲಕಿಯರ ಖೋಖೋ ಫೈನಲ್ ನೋಡಿ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಗೆದ್ದದ್ದು ಊರಿನ ದೊಡ್ಡ ಖಾಸಗಿ ಶಾಲೆ, ಸೋತದ್ದು ಸರ್ಕಾರಿ ಪ್ರೌಢಶಾಲೆ. ಇದರಲ್ಲಿ ಹೊಸದೇನು ಎನ್ನುತ್ತೀರಿ. ಗೆದ್ದ ತಂಡದ ಮೂವರು ಹುಡುಗಿಯರು ಕಳೆದ ವರ್ಷ ಇದೇ ಸೋತ ಶಾಲೆಯ ಪರ ಆಡಿದ್ದವರು.

ಜೂನ್‌ನಲ್ಲಿ ವರ್ಗಾವಣೆ ಪತ್ರ, ಶುಲ್ಕ ಮಾಫಿ, ಉಚಿತ ಹಾಸ್ಟೆಲ್, ಹೊಸ ಬೂಟು. ಮಳೆಗಾಲ ಮುಗಿಯುವುದರೊಳಗೆ ಟ್ರೋಫಿ. ಮರುದಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್: 'ನಮ್ಮ ಶಾಲೆಯ ಸಾಧನೆ'. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ನಮ್ಮ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರಲ್ಲ, ಆಮೇಲೆ ಆಡಳಿತ ಮಂಡಳಿಗಳಿಗೂ ಈ ಆಟದ ಮೇಲೆ ಏಕಾಏಕಿ ಪ್ರೀತಿ ಉಕ್ಕಿದೆ.

ಆ ಹುಡುಗಿಯರಿಗೆ ಕಂಬ ಹಿಡಿದು ತಿರುಗುವುದನ್ನು ಕಲಿಸಿದವರು ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರು. ಹೌದು, ಗಣಿತದವರೇ. ಅಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಬೆಳಿಗ್ಗೆ ಅಂಕಣದ ಗೆರೆಗೆ ಸುಣ್ಣದ ಪುಡಿ ಹಾಕಿದವರೂ ಅವರೇ, ಮಕ್ಕಳ ಬೆನ್ನಿಗೆ ನಂಬರ್ ಚೀಟಿಯನ್ನು ಪಿನ್ನಿನಿಂದ ಸಿಕ್ಕಿಸಿದವರೂ ಅವರೇ. ತಾವು ತಯಾರು ಮಾಡಿದ ಹುಡುಗಿ ತಮ್ಮ ತಂಡದವರನ್ನೇ ಒಬ್ಬೊಬ್ಬರಾಗಿ ಔಟ್ ಮಾಡುವುದನ್ನು ಗೆರೆಯ ಆಚೆ ನಿಂತು ನೋಡಿದರು. ಆಟ ಮುಗಿದ ಮೇಲೆ ಅವಳು ಓಡಿ ಬಂದು ಅವರ ಕಾಲು ಮುಟ್ಟಿದಳು. ಅತ್ತ ಫೋಟೋಕ್ಕೆ ತಡವಾಗುತ್ತಿದೆ ಎಂದು ಆಡಳಿತ ಮಂಡಳಿಯವರು ಕೂಗುತ್ತಿದ್ದರು.

'ಬಡವರ ಮಗುವಿಗೆ ಒಳ್ಳೆಯ ಊಟ, ತರಬೇತಿ ಸಿಕ್ಕರೆ ನಿನಗೇನು ಹೊಟ್ಟೆಕಿಚ್ಚು?' ಎಂದು ಜೊತೆಗಿದ್ದ ಗೆಳತಿ ಕೇಳಿದಳು. ಸಿಗಲಿ, ಆ ಅಪ್ಪ ಅಮ್ಮನನ್ನು ನಾನೇಕೆ ದೂರಲಿ? ಆದರೆ ಇವರು ಒಯ್ಯುವುದು ತಯಾರಾದವರನ್ನು ಮಾತ್ರ. ಆರನೇ ತರಗತಿಯಲ್ಲಿ ಎದ್ದು ಬಿದ್ದು ಕಲಿಯುತ್ತಿರುವವಳಿಗೆ ಯಾವ ಉಚಿತ ಸೀಟೂ ಇಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಸೀಟು ಉಳಿಯುತ್ತದೆಯೇ ಎಂದೂ ಕೇಳಿ ನೋಡಿ.

ಇನ್ನೊಂದು ಚೋದ್ಯ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಅರೆಕಾಲಿಕ ದೈಹಿಕ ಶಿಕ್ಷಕರು ಕಡ್ಡಾಯ. ಮಕ್ಕಳು ಖಾಸಗಿಯತ್ತ ಹೋದಷ್ಟೂ ಉಳಿದವರಿಗೆ ಮೇಷ್ಟ್ರನ್ನು ಕೇಳುವ ಹಕ್ಕೂ ಕರಗುತ್ತದೆ.

ಗೊತ್ತಿರುವವರು ಚುಚ್ಚುವ ಮೊದಲು ನಾನೇ ಹೇಳುತ್ತೇನೆ: ನನ್ನ ಮಗಳು ಓದುವುದು ಆ ಗೆದ್ದ ಶಾಲೆಯಲ್ಲೇ. ಶುಲ್ಕ ಕಟ್ಟುವ ನಮ್ಮಂಥವರ ಮಕ್ಕಳಿಗೆ ಅಲ್ಲಿ ಆಟದ ಪೀರಿಯಡ್‌ನಲ್ಲಿ ವಿಜ್ಞಾನದ ವಿಶೇಷ ತರಗತಿ. ಇವರು ಓದಬೇಕು, ಅವರು ಗೆಲ್ಲಬೇಕು. ಇದಕ್ಕೆ ಕ್ರೀಡಾ ಪ್ರೋತ್ಸಾಹ ಎಂದು ಹೆಸರು.

ಮಕ್ಕಳ ಆಟ ತಡೆಯಿರಿ ಎಂದು ನಾನು ಹೇಳುತ್ತಿಲ್ಲ. ಶಾಲೆ ಬದಲಿಸಿದ ಮೊದಲೆರಡು ವರ್ಷ ಆ ಮಕ್ಕಳು ಗೆದ್ದುಕೊಟ್ಟ ಅಂಕಗಳಲ್ಲಿ ಅರ್ಧ ಹಳೆಯ ಶಾಲೆಯ ಲೆಕ್ಕಕ್ಕೆ ಹೋಗಲಿ, ಸಮಗ್ರ ಪ್ರಶಸ್ತಿ ಹಾಗೆಯೇ ತೀರ್ಮಾನವಾಗಲಿ. ಫ್ಲೆಕ್ಸಿನಲ್ಲಿ ಆ ಶಾಲೆಯ ಹೆಸರೂ ಇರಲಿ. ಆಮೇಲೂ ಎಷ್ಟು ಉಚಿತ ಸೀಟು ಉಳಿಯುತ್ತವೆಯೋ ಎಣಿಸೋಣ.